ಜ್ಯೇಷ್ಠಾ ನಕ್ಷತ್ರದ ನೆರೆಮನೆ

ಜ್ಯೇಷ್ಠ ಎಂಬ ಶಬ್ದವು ವ್ಯಾಕರಣದಲ್ಲಿ ಎರಡು ಮನೆಗಳಿಗೆ ಸೇರಿದ್ದು. ಪಾಣಿನಿಯ ಮತದಂತೆ ‘ಪ್ರಶಸ್ಯ’ ಎಂಬುದರ ಪರಮಾವಧಿಯನ್ನು ಹೇಳಬೇಕಾದಾಗಲೂ ಜ್ಯೇಷ್ಠ. ‘ವೃದ್ಧ’ ಎಂಬುದರ ಪರಮಾವಧಿಯನ್ನು ಹೇಳಬೇಕಾದಾಗಲೂ ಜ್ಯೇಷ್ಠ. ಎಂದರೆ ಎಲ್ಲರಿಗಿಂತ ಶ್ಲಾಘ್ಯನಾದವನೂ ಅವನೇ, ಎಲ್ಲರಿಗಿಂತ ಮುದುಕನೂ ಅವನೇ. ಹಿರಿತನವೂ ಹಿರಿಮೆಯೂ ಹೀಗೆ ಒಂದೇ ಕಡೆ ಕೂಡಿಬರುವುದು ವ್ಯಾಕರಣದಲ್ಲಿ ಸುಲಭ, ಮನೆಗಳಲ್ಲಿ ಅಷ್ಟು ಸುಲಭವಲ್ಲ ಎಂದು ಹೇಳಿ ಸಂಸ್ಕೃತದ ತರಗತಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರನ್ನು ನಗಿಸುತ್ತಿದ್ದೆನು.

ಇಪ್ಪತ್ತೇಳು ನಕ್ಷತ್ರಗಳ ಪಂಕ್ತಿಯಲ್ಲಿ ಹದಿನೆಂಟನೆಯದಕ್ಕೆ ಈ ಹೆಸರು. ವೃಶ್ಚಿಕದ ಎದೆಯಲ್ಲಿ ಕೆಂಡದಂತೆ ಹೊಳೆಯುವುದೇ ಅದರ ಮುಖ್ಯ ತಾರೆ. ಪಾಶ್ಚಾತ್ಯರು ಅದನ್ನು ಅಂಟಾರಿಸ್ ಎಂದು ಕರೆಯುತ್ತಾರೆ. ಅಧಿದೇವತೆ ಇಂದ್ರ. ತೈತ್ತಿರೀಯ ಸಂಹಿತೆಯ ನಕ್ಷತ್ರಗಣನೆಯಲ್ಲಿ ಇದಕ್ಕೂ ರೋಹಿಣಿಯೆಂದೇ ಹೆಸರು. ಬಣ್ಣವನ್ನು ನೋಡಿ ಇಟ್ಟಿದ್ದಿರಬೇಕು. ಅಥರ್ವವೇದದಲ್ಲಿ ಒಂದು ಕಡೆ ಕೇಳುವುದಕ್ಕೆ ಕಠೋರವಾದ ಮತ್ತೊಂದು ಹೆಸರೂ ಬಂದಿದೆ: ಜ್ಯೇಷ್ಠಘ್ನೀ, ಹಿರಿಯನನ್ನು ಕೊಲ್ಲತಕ್ಕವಳು. ಆ ಹೆಸರಿನ ನೆರಳು ಇಂದಿಗೂ ಎಂಥ ಮನೆಗಳ ಮೇಲೆ ಬೀಳುತ್ತಿದೆಯೆಂಬುದನ್ನು ಮುಂದೆ ಹೇಳುವೆನು.

ಈ ‘ಹಿರಿಯಳ’ ವಯಸ್ಸಾದರೂ ಎಷ್ಟು? ಖಗೋಳಜ್ಞರು ಲೆಕ್ಕಹಾಕಿದ್ದಾರೆ. ನಮ್ಮ ಸೂರ್ಯನಿಗೆ ಸುಮಾರು ೪೬೦ ಕೋಟಿ ವರ್ಷ. ಜ್ಯೇಷ್ಠಾ ತಾರೆಗೆ ಹೆಚ್ಚೆಂದರೆ ಒಂದೂವರೆ ಕೋಟಿ ವರ್ಷದ ಆಸುಪಾಸು. ಮೈ ಮಾತ್ರ ಅತಿ ದೊಡ್ಡದು. ಸೂರ್ಯನ ಅಗಲದ ಸುಮಾರು ಏಳುನೂರರಷ್ಟು. ಇಷ್ಟು ದೊಡ್ಡ ಸಂಸಾರ ಹೂಡಿದವರಿಗೆ ಆಯುಸ್ಸು ಕಡಮೆ. ಇದು ಇನ್ನು ಕೆಲವು ಲಕ್ಷ ವರ್ಷಗಳಲ್ಲೋ ಹತ್ತಾರು ಲಕ್ಷ ವರ್ಷಗಳಲ್ಲೋ ಸಿಡಿದುಹೋಗತಕ್ಕದ್ದು. ಅಂತು ಹಿರಿಯಳೆಂಬ ಬಿರುದನ್ನು ಹೊತ್ತವಳು ಆಕಾಶದ ಲೆಕ್ಕದಲ್ಲಿ ತೊಟ್ಟಿಲ ಕೂಸು.

ಆದರೆ ಅವಳ ಮಗ್ಗುಲಲ್ಲಿಯೇ, ಪಡುವಣ ದಿಕ್ಕಿಗೆ, ಹುಣ್ಣಿಮೆಯ ಚಂದ್ರಬಿಂಬವನ್ನು ಮೂರುಸಲ ಪಕ್ಕಪಕ್ಕಕ್ಕೆ ಇಟ್ಟರೆ ಎಷ್ಟೋ ಅಷ್ಟಕ್ಕೂ ಕಡಮೆ ದೂರದಲ್ಲಿ, ನಿಜವಾದ ಹಿರಿಯರ ಒಂದು ಮನೆ ಇದೆ. ಬರಿಯ ಕಣ್ಣಿಗೆ ಕಾಣದು. ಸಾಧಾರಣ ದುರ್ಬೀನಿನಲ್ಲಿ ನೋಡಿದರೆ, ಗಾಜಿನ ಮೇಲೆ ಯಾರೋ ಉಸಿರು ಬಿಟ್ಟು ಮಸುಕಾದಂತೆ, ದುಂಡಗಿನ ಒಂದು ಬೆಳಕಿನ ಕಲೆ. ೧೭೪೬ರ ಸುಮಾರಿನಲ್ಲಿ ದ ಶೆಸೋ ಎಂಬ ಸ್ವಿಸ್ ಪಂಡಿತನು ಅದನ್ನು ಮೊದಲು ಕಂಡನು. ೧೭೬೪ರಲ್ಲಿ ಪ್ಯಾರಿಸ್ಸಿನ ಷಾರ್ಲ್ ಮೆಸ್ಸಿಯೇ ತನ್ನ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನವನ್ನು ಕೊಟ್ಟನು. ಆ ಮಂಜು ಮಂಜಲ್ಲ, ಬಿಡಿಬಿಡಿ ನಕ್ಷತ್ರಗಳ ರಾಶಿಯೆಂದು ಕಂಡುಕೊಂಡವನೂ ಅವನೇ. ಆದುದರಿಂದ ಇಂದಿಗೂ ಅದರ ಹೆಸರು ‘ಮೆಸ್ಸಿಯೇ ನಾಲ್ಕು’. ಇಂಥ ರಾಶಿಗಳಿಗೆ ಗೋಳಗುಚ್ಛಗಳೆಂದು ಹೆಸರಿಟ್ಟವನು ೧೭೮೯ರಲ್ಲಿ ವಿಲಿಯಂ ಹರ್ಷೆಲ್. ಒಂದೊಂದರಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳು ಜೇನುಗೂಡಿನ ನೊಣಗಳಂತೆ ಒಂದೇ ಮಧ್ಯದ ಸುತ್ತ ಮುತ್ತಿಕೊಂಡಿವೆ. ನಮ್ಮ ಆಕಾಶಗಂಗೆಯ ಸುತ್ತ ಇಂಥವು ನೂರೈವತ್ತಕ್ಕೂ ಹೆಚ್ಚು ತಿಳಿದುಬಂದಿವೆ. ಅವುಗಳಲ್ಲಿ ನಮಗೆ ಅತ್ಯಂತ ಸಮೀಪದಲ್ಲಿರುವ ಕೆಲವರ ಪೈಕಿ ಇದೂ ಒಂದು. ದೂರ ಸುಮಾರು ೬,೦೦೦ ಜ್ಯೋತಿರ್ವರ್ಷ. ಜ್ಯೇಷ್ಠಾ ತಾರೆಯಾದರೋ ಐನೂರೈವತ್ತರ ಸುಮಾರಿನಲ್ಲಿದೆ. ಎಂದರೆ ನೆರೆಮನೆಯೆಂಬುದು ನಮ್ಮ ಕಣ್ಣಿನ ಮಾತು. ಮುಂದಿನ ಬೀದಿಯ ದೀಪವೂ ದೂರದ ಬೆಟ್ಟದ ಮೇಲಣ ದೀಪವೂ ಒಂದೇ ಕಿಟಕಿಯಲ್ಲಿ ಕಂಡಂತೆ.

ಕೃತ್ತಿಕೆಯನ್ನು ನೋಡದ ಗೃಹಸ್ಥರಿಲ್ಲ. ಅದೂ ಒಂದು ಗುಚ್ಛವೇ, ಆದರೆ ಬೇರೆ ಜಾತಿಯದು. ಅಲ್ಲಿರುವುದು ಸುಮಾರು ಸಾವಿರ ನಕ್ಷತ್ರ. ಹುಟ್ಟಿ ಹತ್ತು ಹನ್ನೆರಡು ಕೋಟಿ ವರ್ಷವಾಗಿದೆ. ಇನ್ನು ಕೆಲವು ಹತ್ತು ಕೋಟಿ ವರ್ಷಗಳಲ್ಲಿ ಅಣ್ಣತಮ್ಮಂದಿರು ಪಾಲಾಗಿ ದಿಕ್ಕುದಿಕ್ಕಿಗೆ ಹೋಗುವರು. ಗೋಳಗುಚ್ಛವು ಹಾಗಲ್ಲ. ಅದು ಅವಿಭಕ್ತ ಕುಟುಂಬ. ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಕಾಲ ಒಂದೇ ಸೂರಿನಡಿಯಲ್ಲಿ ಬಾಳಿದವರು. ನಮ್ಮ ಸೂರ್ಯನ ಮನೆಯಿಂದ ಅತ್ಯಂತ ಸಮೀಪದ ನಕ್ಷತ್ರಕ್ಕೆ ನಾಲ್ಕು ಜ್ಯೋತಿರ್ವರ್ಷಕ್ಕೂ ಮಿಕ್ಕ ದಾರಿ. ಗುಚ್ಛದ ನಡುಮನೆಯಲ್ಲಾದರೆ ಅದರ ಸಣ್ಣದೊಂದು ಪಾಲಿನಷ್ಟರಲ್ಲಿಯೇ ಒಬ್ಬರ ಪಕ್ಕದಲ್ಲಿ ಒಬ್ಬರು.

ಇಷ್ಟು ಇಕ್ಕಟ್ಟಿನಲ್ಲಿ ಸಂಸಾರ ನಡೆಯುವ ಬಗೆ ಹೇಗೆ? ಇದನ್ನು ಗಣಿತದಿಂದ ವಿಚಾರಮಾಡಿದವರಲ್ಲಿ ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರರು ಅಗ್ರಗಣ್ಯರು. ನಕ್ಷತ್ರಗಳ ಚಲನೆಯನ್ನು ಕುರಿತ ಅವರ ಗ್ರಂಥವು ೧೯೪೨ರಲ್ಲಿ ಹೊರಬಿದ್ದಿತು. ಭಾರವಾದ ವಸ್ತುವೊಂದು ನಕ್ಷತ್ರಗಳ ಗುಂಪಿನಲ್ಲಿ ಸಾಗುವಾಗ ಹೇಗೆ ವೇಗವನ್ನು ಕಳೆದುಕೊಳ್ಳುವುದೆಂಬುದನ್ನು ೧೯೪೩ರಲ್ಲಿ ತೋರಿಸಿಕೊಟ್ಟರು. ಎರಡು ನಕ್ಷತ್ರಗಳು ಹತ್ತಿರ ಹಾದುಹೋದಾಗ ಭಾರವಾದದ್ದು ತನ್ನ ವೇಗದ ಸ್ವಲ್ಪ ಭಾಗವನ್ನು ಹಗುರಾದದ್ದಕ್ಕೆ ಕೊಟ್ಟುಬಿಡುತ್ತದೆ. ಹೀಗೆ ಕೊಡುತ್ತ ಕೊಡುತ್ತ ಭಾರದವರು ನಿಧಾನವಾಗಿ ನಡುಮನೆಗೆ ಇಳಿದು ಅಲ್ಲಿಯೇ ಕೂರುವರು. ಹಗುರಾದವರು ಅಂಗಳಕ್ಕೆ, ಜಗುಲಿಗೆ, ಕಡೆಗೆ ಬೀದಿಗೆ. ಬೀದಿಗೆ ಬಿದ್ದವರು ಆಕಾಶಗಂಗೆಯ ಪಾಲು. ಪಾಲೋಮರ್ ಐದು ಎಂಬ ಬಡಗುಚ್ಛದಿಂದ ಹೀಗೆ ಹೊರಟವರ ಸಾಲು ಅದರ ಹಿಂದಕ್ಕೂ ಮುಂದಕ್ಕೂ ಬಾಲದಂತೆ ಹಬ್ಬಿರುವುದನ್ನು ೨೦೦೧ರಲ್ಲಿ ಕಂಡುಹಿಡಿದರು. ಇದನ್ನು ಓದಿದಾಗ ನನಗೆ ನಮ್ಮ ತಾತನ ಕಾಲದ ತೊಟ್ಟಿಮನೆ ನೆನಪಾಯಿತು, ಅಲ್ಲಿ ಇಪ್ಪತ್ತೆಂಟು ಎಲೆ ಬೀಳುತ್ತಿದ್ದವು, ಈಗ ಬೀಗವಿದೆ.

ಇವರ ವಯಸ್ಸನ್ನು ಅಳೆದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ನಮ್ಮ ಹೆಂಗಸರಿಗೆ ನಮಗಿಂತ ಚೆನ್ನಾಗಿ ಅರ್ಥವಾಗುವಂಥದು. ಕಾರ್ತಿಕದ ಸಂಜೆ ಒಂದೇ ಹೊತ್ತಿನಲ್ಲಿ ನೂರು ಹಣತೆ ಹಚ್ಚುತ್ತೀರಿ. ದಪ್ಪ ಬತ್ತಿಯ ಹಣತೆಯಲ್ಲಿ ಎಣ್ಣೆ ಹೆಚ್ಚಾಗಿದ್ದರೂ ಅದೇ ಮೊದಲು ಆರುವುದು. ಸಣ್ಣ ಬತ್ತಿಯದು ನಡುರಾತ್ರಿಯವರೆಗೂ ಇರುವುದು. ಹೊರಗಿನಿಂದ ಬಂದವರು ಯಾವ ದಪ್ಪದ ಬತ್ತಿಯವರೆಗೆ ಆರಿದೆಯೆಂದು ನೋಡಿದರೆ ದೀಪ ಹಚ್ಚಿ ಎಷ್ಟು ಹೊತ್ತಾಯಿತೆಂದು ಹೇಳಬಹುದು. ಗುಚ್ಛದ ನಕ್ಷತ್ರಗಳೆಲ್ಲ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಹುಟ್ಟಿದವಾದ್ದರಿಂದ ಈ ಲೆಕ್ಕ ಅಲ್ಲಿಯೂ ನಡೆಯುತ್ತದೆ. ಎರಡನೆಯ ಬಗೆ ಒಲೆಯ ಕೆಂಡದ್ದು. ಉರಿದು ಮುಗಿದ ಸಣ್ಣ ನಕ್ಷತ್ರಗಳು ಶ್ವೇತಕುಬ್ಜಗಳಾಗಿ ಉಳಿದು ಮೆಲ್ಲನೆ ಆರುತ್ತಿರುತ್ತವೆ. ಎಷ್ಟು ಆರಿದೆಯೆಂದು ತಿಳಿದರೆ ಒಲೆ ನಂದಿದ್ದು ಯಾವಾಗ ಎಂಬುದು ತಿಳಿಯಿತು. ೨೦೦೧ರಲ್ಲಿ ಹಬಲ್ ದೂರದರ್ಶಕವು ಈ ಮೆಸ್ಸಿಯೇ ನಾಲ್ಕರ ಕಡೆಗೇ ಮುಖಮಾಡಿ, ಅರುವತ್ತೇಳು ದಿನಗಳ ಅವಧಿಯಲ್ಲಿ ಎಂಟು ದಿನಗಳಷ್ಟು ಬೆಳಕನ್ನು ಕೂಡಿಹಾಕಿತು. ನಮ್ಮ ಕಣ್ಣಿಗೆ ಕಾಣುವ ಅತ್ಯಂತ ಮಂಕು ತಾರೆಯ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಮಂಕಾದ ಕೆಂಡಗಳು ಅದರಲ್ಲಿ ಕಂಡವು. ಹಾರ್ವೆ ರಿಚರ್, ಬ್ರಾಡ್ ಹ್ಯಾನ್ಸನ್ ಮೊದಲಾದವರು ೨೦೦೨ರಲ್ಲಿ ಹೇಳಿದ ವಯಸ್ಸು ೧,೨೦೦ ರಿಂದ ೧,೩೦೦ ಕೋಟಿ ವರ್ಷ. ಜ್ಯೇಷ್ಠೆಯ ಪಕ್ಕದ ಮನೆಯವರು ಜ್ಯೇಷ್ಠೆಗಿಂತ ಎಂಟುನೂರು ಪಾಲು ಹಿರಿಯರು!

ಬ್ರಹ್ಮನ ಹಗಲೊಂದು ೪೩೨ ಕೋಟಿ ವರ್ಷವೆಂದು ನಮ್ಮ ಪುರಾಣಗಳ ಎಣಿಕೆ. ಆ ಎಣಿಕೆಯಲ್ಲಿ ಈ ಗುಚ್ಛಕ್ಕೆ ಮೂರು ಹಗಲು ಇನ್ನೂ ತುಂಬಿಲ್ಲ. ಇಂಥ ದೊಡ್ಡ ಸಂಖ್ಯೆಗಳನ್ನು ಅಂಜದೆ ಎಣಿಸಿದ ಹಿರಿಯರ ಧೈರ್ಯಕ್ಕೆ ನಮಸ್ಕಾರ ಮಾಡುತ್ತೇನೆ. ಆದರೆ ಅವರು ಇದನ್ನೆಲ್ಲ ಮೊದಲೇ ಅಳೆದಿಟ್ಟಿದ್ದರೆಂದು ಸಭೆಗಳಲ್ಲಿ ಕೂಗುವವರ ಸಾಲಿನಲ್ಲಿ ನಾನು ನಿಲ್ಲತಕ್ಕವನಲ್ಲ. ಎಣಿಸುವುದು ಬೇರೆ, ಅಳೆಯುವುದು ಬೇರೆ.

ಅಳೆಯುವವರಿಗೂ ಒಮ್ಮೆ ದೊಡ್ಡ ಸಂಕಟ ಒದಗಿತ್ತು. ೧೯೯೦ರ ದಶಕದಲ್ಲಿ ಗೋಳಗುಚ್ಛಗಳ ವಯಸ್ಸು ೧,೫೦೦ ಕೋಟಿಗೂ ಹೆಚ್ಚೆಂದು ಬರುತ್ತಿತ್ತು. ವಿಶ್ವವು ಹಿಗ್ಗುತ್ತಿರುವ ವೇಗದಿಂದ ವಿಶ್ವದ ವಯಸ್ಸನ್ನು ಕಟ್ಟಿದರೆ ೮೦೦ ರಿಂದ ೧,೨೦೦ ಕೋಟಿ! ತಾಯಿಗಿಂತ ಮಗಳು ಹಿರಿಯಳಾದಳು. ನ್ಯಾಯಶಾಸ್ತ್ರದವರ ಬಂಜೆಯ ಮಗನೂ ಇಷ್ಟು ನಾಚಿಕೆಗೆ ಗುರಿಯಾಗಿರಲಿಲ್ಲ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಗ್ಗಿಸಿ ಹೊಂದಿಸಿಬಿಡಬಹುದಾಗಿತ್ತು, ಹಾಗೆ ಮಾಡಲಿಲ್ಲ. ೧೯೯೭ರಲ್ಲಿ ಹಿಪ್ಪಾರ್ಕಸ್ ಎಂಬ ಉಪಗ್ರಹದ ಅಳತೆಗಳು ಪ್ರಕಟವಾದವು. ಗುಚ್ಛಗಳು ತಿಳಿದಿದ್ದುದಕ್ಕಿಂತ ದೂರದಲ್ಲಿವೆ, ಆದುದರಿಂದ ಹೆಚ್ಚು ಪ್ರಕಾಶವುಳ್ಳವು, ಆದುದರಿಂದ ಕಿರಿಯವು ಎಂದಾಯಿತು. ಮರುವರುಷ, ೧೯೯೮ರಲ್ಲಿ, ವಿಶ್ವದ ಹಿಗ್ಗುವಿಕೆಯು ವೇಗಗೊಳ್ಳುತ್ತಿದೆಯೆಂದು ಎರಡು ತಂಡಗಳವರು ಕಂಡರು. ಅದರಿಂದ ವಿಶ್ವದ ವಯಸ್ಸು ಏರಿತು. ಈಗ ತಾಯಿಗೆ ೧,೩೮೦ ಕೋಟಿ, ಮಕ್ಕಳಿಗೆ ೧,೨೦೦–೧,೩೦೦ ಕೋಟಿ. ಜನ್ಮಕಾಲವನ್ನು ತಿದ್ದಿದ್ದು ನಿಜ. ಆದರೆ ಅಳತೆ ಸರಿಹೋದುದರಿಂದ ತಿದ್ದಿದರೇ ಹೊರತು ಸಂಬಂಧ ಕೂಡಿಬರಲೆಂದು ತಿದ್ದಲಿಲ್ಲ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ನನಗೆ ಕಾರಣವಿದೆ.

ನನ್ನ ತಂಗಿಯ ಹಿರಿಯ ಮಗಳು ಜ್ಯೇಷ್ಠಾ ನಕ್ಷತ್ರದಲ್ಲಿ ಹುಟ್ಟಿದವಳು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ರೂಪ, ಗುಣ, ವಿದ್ಯೆ ಯಾವುದರಲ್ಲಿಯೂ ಕಡಮೆಯಿಲ್ಲವೆಂದು ಸೋದರಮಾವನಾದ ನಾನು ಹೇಳಿದರೆ ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ. ಅವಳ ತಂದೆ ತೀರಿಕೊಂಡು ಎಂಟು ವರ್ಷವಾಯಿತು. ಮದುವೆಯ ಮಾತುಕತೆ ನನ್ನ ಹೆಗಲಿನದು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ ಆಗದು, ವಿಶಾಖೆಯವಳು ಮೈದುನನಿಗೆ, ಜ್ಯೇಷ್ಠೆಯವಳು ಭಾವನಿಗೆ ಎಂಬ ನಂಬಿಕೆ ನಮ್ಮ ಕಡೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಮೂರು ವರ್ಷಗಳಲ್ಲಿ ಐದು ಸಂಬಂಧಗಳು ಬಂದವು. ಹುಡುಗಿಯನ್ನು ನೋಡಿ ಒಪ್ಪಿದವರು ಮೂವರು. ಜಾತಕ ಕೈಸೇರಿದ ಮೇಲೆ ಮೂವರೂ ಮೆತ್ತಗೆ ಹಿಂದೆ ಸರಿದರು. ‘ನಮ್ಮದೇನೂ ಇಲ್ಲ ಮೇಷ್ಟ್ರೇ, ಮನೆಯಲ್ಲಿ ದೊಡ್ಡ ಮಗನಿದ್ದಾನಲ್ಲ’ ಎಂದರು. ಹಿರಿಯ ಮಗನಿಗೇ ಕೊಟ್ಟರೆ ಭಾವನೇ ಇರುವುದಿಲ್ಲ, ದೋಷವೂ ಇಲ್ಲ ಎಂದು ಹುಡುಕಿದರೆ, ಹಿರಿಯನಿಗೆ ಹಿರಿಯಳು, ಅದರ ಮೇಲೆ ನಕ್ಷತ್ರವೂ ಜ್ಯೇಷ್ಠೆ, ಮೂರು ಜ್ಯೇಷ್ಠ ಸೇರಿತು ಎಂಬ ಹೊಸ ಆಕ್ಷೇಪ.

ಕಡೆಗೆ ತಂಗಿಯು ಒಬ್ಬ ಜೋಯಿಸರಲ್ಲಿಗೆ ಹೋದಳು. ಅವರು ಒಂದು ಸುಲಭವಾದ ಉಪಾಯವನ್ನು ಹೇಳಿಕೊಟ್ಟರು. ಹುಟ್ಟಿದ ಹೊತ್ತನ್ನು ಮೂರು ಗಂಟೆ ಹಿಂದಕ್ಕೆ ತೆಗೆದುಕೊಂಡರೆ ಅನೂರಾಧಾ ನಾಲ್ಕನೆಯ ಪಾದವಾಗುತ್ತದೆ, ಬರೆದುಕೊಡುತ್ತೇನೆ ಎಂದರು. ತಂಗಿ ಆ ರಾತ್ರಿಯೇ ನಮ್ಮ ಮನೆಗೆ ಬಂದಳು. ‘ಅಣ್ಣ, ನೀನು ಓದಿದವನು. ನೀನು ಹೂಂ ಅಂದರೆ ಬರೆಸಿಬಿಡುತ್ತೇನೆ. ಇಲ್ಲವೆಂದರೆ ಶಾಸ್ತ್ರದಲ್ಲಿ ಒಂದು ದಾರಿ ಹುಡುಕಿಕೊಡು. ಎರಡೂ ಆಗದು ಅನ್ನಬೇಡ’ ಎಂದು ಅತ್ತಳು. ಆ ಅಳುವಿನ ಮುಂದೆ ಪಾಣಿನಿಯಾಗಲಿ ಹಬಲ್ ಆಗಲಿ ಕೆಲಸಕ್ಕೆ ಬರುವಂತಿರಲಿಲ್ಲ.

ಹದಿನೈದು ದಿನ ಪುಸ್ತಕಗಳನ್ನು ಹರಡಿಕೊಂಡು ಕುಳಿತೆನು. ಪಾದಭೇದದಿಂದ ದೋಷವಿಲ್ಲವೆನ್ನುವವರು, ಶಾಂತಿ ಮಾಡಿಸಿದರೆ ಸಾಕೆನ್ನುವವರು, ಎಲ್ಲರೂ ಸಿಕ್ಕಿದರು. ಆದರೆ ಯಾವ ಪುಸ್ತಕದಲ್ಲಿಯೂ ಹುಡುಕದಿದ್ದ ಒಂದು ವಿಷಯ ಪಂಚಾಂಗದ ಗಣಿತದಲ್ಲಿಯೇ ಸಿಕ್ಕಿತು. ರಾಶಿಚಕ್ರವನ್ನು ಇಪ್ಪತ್ತೇಳು ಸಮಪಾಲು ಮಾಡಿದಾಗ ಜ್ಯೇಷ್ಠೆಯ ಪಾಲು ಆರಂಭವಾಗುವುದು ವೃಶ್ಚಿಕದ ೧೬ ಭಾಗ ೪೦ ಕಲೆಯಿಂದ. ಸೂರ್ಯಸಿದ್ಧಾಂತವು ಜ್ಯೇಷ್ಠಾತಾರೆಯನ್ನು ವೃಶ್ಚಿಕದ ೧೯ನೆಯ ಭಾಗದಲ್ಲಿಟ್ಟಿದೆ, ಸರಿಯೇ. ಆದರೆ ಈಗಿನ ದೃಗ್ಗಣಿತ ಪಂಚಾಂಗಗಳವರು ಹಿಡಿಯುವ ಅಯನಾಂಶದಂತೆ ಎಣಿಸಿದರೆ ಆ ಕೆಂಪು ತಾರೆಯಿರುವುದು ೧೬ನೆಯ ಭಾಗಕ್ಕೂ ತುಸು ಹಿಂದೆ. ಎಂದರೆ ಜ್ಯೇಷ್ಠಾ ತಾರೆಗೇ ಜಾತಕ ಬರೆದರೆ ಅದರ ನಕ್ಷತ್ರ ಅನೂರಾಧಾ! ಜೋಯಿಸರು ಮೂರು ಗಂಟೆ ಹಿಂದಕ್ಕೆ ತಳ್ಳಿ ಮಾಡಬೇಕೆಂದಿದ್ದುದನ್ನು ಆಕಾಶವು ತಾನೇ ಮಾಡಿಬಿಟ್ಟಿತ್ತು.

ಈ ಯುಕ್ತಿಯನ್ನು ಹಿಡಿದು ಯಾರ ಸಂಗಡ ಬೇಕಾದರೂ ವಾದ ಗೆಲ್ಲಬಹುದಾಗಿತ್ತು. ತಂಗಿಗೆ ಹೇಳಿದಾಗ ಅವಳ ಮುಖ ಅರಳಿತು. ನಾನು ಮಾತ್ರ ಅದನ್ನು ಬಳಸಲಿಲ್ಲ. ಸಮಪಾಲಿನ ನಕ್ಷತ್ರವು ಒಂದು ಸಂಕೇತ, ಕಾಣುವ ತಾರೆ ಬೇರೊಂದು. ಶಾಸ್ತ್ರ ಬಲ್ಲವರು ಒಂದನ್ನು ಹಿಡಿದು ಇನ್ನೊಂದರ ಮೇಲೆ ತೀರ್ಪು ಕೊಡತಕ್ಕದ್ದಲ್ಲ. ಅದಕ್ಕಿಂತ ಹೆಚ್ಚಾಗಿ, ಅದನ್ನು ಬಳಸಿದರೆ ದೋಷವೆಂಬುದೊಂದು ಉಂಟು, ನಮ್ಮ ಹುಡುಗಿ ಅದರಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡಳು ಎಂದು ಒಪ್ಪಿದಂತಾಗುವುದು. ಆಗ ನಿಜವಾಗಿ ೧೬ ಭಾಗ ೪೦ ಕಲೆ ದಾಟಿ ಹುಟ್ಟಿದ ಮಿಕ್ಕ ಹೆಣ್ಣುಮಕ್ಕಳ ಗತಿಯೇನು? ಹುಟ್ಟಿದ ಹೊತ್ತನ್ನು ತಿದ್ದುವ ಮಾತನ್ನು ಹುಡುಗಿಯೇ ಮುರಿದಳು. ‘ಮಾವ, ಸುಳ್ಳು ಕಾಗದ ಕೊಟ್ಟು ಹೋಗಬೇಕಾದ ಮನೆಯಲ್ಲಿ ನಾನು ದಿನಾ ಸುಳ್ಳು ಹೇಳಿಕೊಂಡೇ ಇರಬೇಕಾಗುತ್ತದೆ. ಅಲ್ಲಿ ಯಾರಿಗಾದರೂ ನೆಗಡಿ ಬಂದರೂ ನನಗೆ ಭಯ’ ಎಂದಳು. ತಂಗಿ ನನ್ನ ಮೇಲೆ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಮೆಸ್ಸಿಯೇ ನಾಲ್ಕನ್ನು ನನಗೆ ಮೊದಲು ತೋರಿಸಿದವಳೂ ಈ ಮಗುವೇ. ವೈಶಾಖದ ಅಮಾವಾಸ್ಯೆಗೆ ಹತ್ತಿರದ ಒಂದು ರಾತ್ರಿ ನಮ್ಮೂರಿನಲ್ಲಿ ವಿದ್ಯುತ್ತು ಹೋಗಿತ್ತು. ತಾರಸಿಯ ಮೇಲೆ ಗೋಡೆಗೆ ಮೊಣಕೈ ಊರಿಸಿ, ದುರ್ಬೀನನ್ನು ನನ್ನ ಕಣ್ಣಿಗೆ ಹಿಡಿಸಿ, ‘ಕೆಂಪು ನಕ್ಷತ್ರದ ಬಲಕ್ಕೆ ನೋಡಿ, ಅವರೇ ದೊಡ್ಡವರು’ ಎಂದಳು. ಓದುಗರಲ್ಲಿ ಯಾರಿಗಾದರೂ ನೋಡುವ ಮನಸ್ಸಿದ್ದರೆ ಜ್ಯೇಷ್ಠಮಾಸದ ಹುಣ್ಣಿಮೆಯನ್ನು ಬಿಡಬೇಕು. ಚಂದ್ರನು ಆ ನಕ್ಷತ್ರದ ಹತ್ತಿರಕ್ಕೆ ಬರುವುದರಿಂದಲೇ ಆ ಮಾಸಕ್ಕೆ ಆ ಹೆಸರು, ಬೆಳದಿಂಗಳಲ್ಲಿ ಗುಚ್ಛವು ಅಳಿಸಿಹೋಗುತ್ತದೆ.

ಆ ರಾತ್ರಿ ಅವಳು ಹೇಳಿದ ಸುದ್ದಿಗಳೆಲ್ಲವನ್ನೂ ಬರೆದರೆ ಈ ಪತ್ರಿಕೆಯ ಪುಟಗಳು ಸಾಲವು. ಆ ಮುದುಕರ ಮನೆಯಲ್ಲಿ ಒಂದು ಗ್ರಹವೂ ಇದೆಯಂತೆ. ಸೆಕೆಂಡಿಗೆ ತೊಂಬತ್ತು ಸುತ್ತು ತಿರುಗುವ ಒಂದು ಸತ್ತ ನಕ್ಷತ್ರ, ಅದಕ್ಕೆ ಜೊತೆಯಾದ ಒಂದು ಶ್ವೇತಕುಬ್ಜ, ಇವೆರಡನ್ನೂ ಸುತ್ತುವ, ಗುರುಗ್ರಹದ ಎರಡೂವರೆಯಷ್ಟು ದ್ರವ್ಯದ ಗ್ರಹ, ೨೦೦೩ರಲ್ಲಿ ಖಚಿತವಾಯಿತು. ಅದರ ವಯಸ್ಸೂ ಗುಚ್ಛದಷ್ಟೇ ಎಂದು ಎಣಿಕೆ. ಬೇರೊಂದು ದೊಡ್ಡ ಗುಚ್ಛದಲ್ಲಿ ಮೂವತ್ತನಾಲ್ಕು ಸಾವಿರ ನಕ್ಷತ್ರಗಳನ್ನು ಸೋಸಿ ನೋಡಿ ಒಂದು ಗ್ರಹವೂ ಸಿಕ್ಕದೆ ೨೦೦೦ದಲ್ಲಿ ಕೈಚೆಲ್ಲಿದ್ದರು. ಕಬ್ಬಿಣ ಮುಂತಾದ ಧಾತುಗಳು ಸೂರ್ಯನಲ್ಲಿರುವುದರ ಹತ್ತನೆಯ ಒಂದು ಪಾಲೂ ಇಲ್ಲದ ಬಡಮನೆಯಲ್ಲಿ ಈ ಮಗು ಹೇಗೆ ಬೆಳೆಯಿತೆಂಬುದು ಇನ್ನೂ ಆಶ್ಚರ್ಯದ ಮಾತೇ.

ಮತ್ತೊಂದು ಸುದ್ದಿ ನನಗೆ ಬಹಳ ರುಚಿಸಿತು. ಗುಚ್ಛಗಳ ಮುದುಕರ ನಡುವೆ ಅಲ್ಲಲ್ಲಿ ನೀಲಿಯಾಗಿ ಹೊಳೆಯುವ ಯುವಕರು ಕಾಣುತ್ತಾರೆ. ಅಲನ್ ಸ್ಯಾಂಡೇಜ್ ೧೯೫೩ರಲ್ಲಿ ಮೊದಲು ಗುರುತಿಸಿದನು. ಎಲ್ಲರೂ ಒಟ್ಟಿಗೆ ಹುಟ್ಟಿದ ಮೇಲೆ ಇವ?ರಿಗೆ ಮಾತ್ರ ತಾರುಣ್ಯವೆಲ್ಲಿಯದು? ಎರಡು ನಕ್ಷತ್ರಗಳು ಕೂಡಿ ಒಂದಾದುದರಿಂದ, ಇಲ್ಲವೆ ಜೊತೆಯವನ ಮೈಯಿಂದ ದ್ರವ್ಯವನ್ನು ಸೆಳೆದುಕೊಂಡುದರಿಂದ ಎನ್ನುತ್ತಾರೆ. ಮಹಾಭಾರತದ ಯಯಾತಿಯು ಪೂರುವಿನಿಂದ ತಾರುಣ್ಯವನ್ನು ಪಡೆದ ಕಥೆಯೇ ಇದು ಎಂದೆನು. ‘ಆದರೆ ಮಾವ, ಇಲ್ಲಿ ಹಿಂದಕ್ಕೆ ಕೊಡುವ ಪದ್ಧತಿಯಿಲ್ಲ’ ಎಂದಳು. ಇಂಥ ಗುಚ್ಛಗಳ ಅತ್ಯುಷ್ಣ ತಾರೆಗಳನ್ನು ನೇರಳಾತೀತ ಬೆಳಕಿನಲ್ಲಿ ನೋಡುವ ಕೆಲಸದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಮುಂದಾಗಿದ್ದಾರೆ. ೨೦೧೫ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ. ರಾಗಿ ಹೊಲಗಳ ಮಧ್ಯದಿಂದ ಹೊರಟ ಕಣ್ಣು ಎಲ್ಲಿಯವರೆಗೆ ಹೋಗಿದೆ ನೋಡಿ!

ಈ ಮನೆಗಳ ನಡುಮನೆಯಲ್ಲಿ ಕುಳಿತವರು ಯಾರು ಎಂಬುದೇ ಈಗಿನ ದೊಡ್ಡ ವಿವಾದ. ಮೆಸ್ಸಿಯೇ ನಾಲ್ಕರ ಮಧ್ಯದಲ್ಲಿ ಸುಮಾರು ಎಂಟುನೂರು ಸೂರ್ಯರಷ್ಟು ದ್ರವ್ಯವು ಕಣ್ಣಿಗೆ ಕಾಣದಂತೆ ಅಡಗಿದೆಯೆಂದು ೨೦೨೩ರಲ್ಲಿ ಎಡ್ವರ್ಡೊ ವಿಟ್ರಾಲ್ ಎಂಬವರ ತಂಡವು ತಿಳಿಸಿತು. ಹಬಲ್ಲಿನ ಹನ್ನೆರಡು ವರ್ಷಗಳ ಅಳತೆಗಳಿಂದಲೂ ಗೈಯಾ ಉಪಗ್ರಹದ ಅಳತೆಗಳಿಂದಲೂ ಇದು ಹೊರಟಿತು. ಒಂದೇ ಕೃಷ್ಣವಿವರವೋ, ಸತ್ತ ನಕ್ಷತ್ರಗಳ ಒಂದು ಹಿಂಡೋ, ತೀರ್ಮಾನವಾಗಿಲ್ಲ. ದಕ್ಷಿಣ ದಿಕ್ಕಿನಲ್ಲಿ, ತ್ರಿಶಂಕುವಿನ ಮೇಲುಭಾಗದಲ್ಲಿ, ಒಮೆಗಾ ಸೆಂಟಾರಿ ಎಂಬ ಗುಚ್ಛವಿದೆ, ಗೋಳಗುಚ್ಛಗಳ ಚಕ್ರವರ್ತಿ. ಒಂದು ಕೋಟಿ ನಕ್ಷತ್ರಗಳ ಸಂಸಾರ. ಕರ್ನಾಟಕದಿಂದ ಏಪ್ರಿಲ್, ಮೇ ರಾತ್ರಿಗಳಲ್ಲಿ, ಕತ್ತಲೆಯಿದ್ದರೆ, ದುರ್ಬೀನಿಲ್ಲದೆಯೇ ಮಂಕು ತಾರೆಯಂತೆ ಕಾಣುತ್ತದೆ. ಹಬಲ್ಲಿನ ಯಂತ್ರಗಳನ್ನು ಸರಿನೋಡಿಕೊಳ್ಳುವುದಕ್ಕಾಗಿ, ಅಂಗಡಿಯವನು ತಕ್ಕಡಿಯನ್ನು ಪರೀಕ್ಷಿಸುವಂತೆ, ಇಪ್ಪತ್ತು ವರ್ಷಗಳ ಕಾಲ ಈ ಗುಚ್ಛದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದಿದ್ದರು. ಜರ್ಮನಿಯ ಹೈಡಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ಖಗೋಳ ಸಂಸ್ಥೆಯಲ್ಲಿ ಮ್ಯಾಕ್ಸಿಮಿಲಿಯನ್ ಹೇಬರ್ಲೆ ಮತ್ತು ಸಂಗಡಿಗರು ಅಂಥ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಸಿ ಹದಿನಾಲ್ಕು ಲಕ್ಷ ನಕ್ಷತ್ರಗಳ ನಡಿಗೆಯನ್ನು ಅಳೆದರು. ನಟ್ಟನಡುವೆ ಏಳು ನಕ್ಷತ್ರಗಳು ಇರಬೇಕಾದುದಕ್ಕಿಂತ ವೇಗವಾಗಿ ಓಡುತ್ತಿದ್ದವು. ಆ ವೇಗಕ್ಕೆ ಅವು ಎಂದೋ ಮನೆಬಿಟ್ಟು ಹೋಗಿರಬೇಕು; ಹೋಗಿಲ್ಲ. ಹಿಡಿದಿಟ್ಟಿರುವ ಕಾಣದ ಯಜಮಾನನೊಬ್ಬನಿದ್ದಾನೆ, ಅವನ ತೂಕ ಕಡಮೆಯೆಂದರೂ ೮,೨೦೦ ಸೂರ್ಯರಷ್ಟು ಎಂದು ೨೦೨೪ರ ಜುಲೈನಲ್ಲಿ ಪ್ರಕಟಿಸಿದರು. ಒಬ್ಬ ಯಜಮಾನ ಬೇಡ, ಸಣ್ಣ ಸಣ್ಣ ಕೃಷ್ಣವಿವರಗಳ ಗುಂಪೇ ಬಹುಪಾಲು ಕೆಲಸವನ್ನು ಮಾಡೀತು ಎಂದು ವಾದಿಸುವವರೂ ಇದ್ದಾರೆ. ತಕ್ಕಡಿಯ ಪರೀಕ್ಷೆಗೆಂದು ಇಟ್ಟಿದ್ದ ಕಲ್ಲೇ ರತ್ನವಾಗಿ ಕಂಡಿತಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಂತೋಷ.

ನಮ್ಮ ಸೂರ್ಯನು ಆಕಾಶಗಂಗೆಯ ನಡುವಿನಲ್ಲಿಲ್ಲವೆಂದು ಮೊದಲು ತಿಳಿಸಿಕೊಟ್ಟವೂ ಈ ಗುಚ್ಛಗಳೇ. ಅವುಗಳಲ್ಲಿ ಬಹುಪಾಲು ಧನೂರಾಶಿಯ ಕಡೆಗೇ ನೆರೆದಿರುವುದನ್ನು ನೋಡಿ ೧೯೧೮ರ ಸುಮಾರಿನಲ್ಲಿ ಹಾರ್ಲೊ ಷ್ಯಾಪ್ಲಿಯು ಕೇಂದ್ರವಿರುವುದು ಅಲ್ಲಿ, ನಾವು ಹೊರಗಣ ಕೇರಿಯವರು ಎಂದನು. ಆ ಕೇಂದ್ರವು ಸುಮಾರು ೨೬,೦೦೦ ಜ್ಯೋತಿರ್ವರ್ಷ ದೂರದಲ್ಲಿ, ಮೂಲಾ ನಕ್ಷತ್ರದ ಪಾಲಿನಲ್ಲಿದೆ. ಮಾವನಿಗೆ ಆಗದೆಂದು ಮೂದಲಿಸುವ ಅದೇ ಮೂಲಾ.

ಈಚಿನ ಇನ್ನೊಂದು ಸುದ್ದಿಯನ್ನೂ ಹೇಳಿಬಿಡುತ್ತೇನೆ. ಜೇಮ್ಸ್ ವೆಬ್ ದೂರದರ್ಶಕವು ವಿಶ್ವವು ಹುಟ್ಟಿ ೪೬ ಕೋಟಿ ವರ್ಷವಾಗಿದ್ದಾಗಿನ ಒಂದು ಎಳೆಯ ನಕ್ಷತ್ರಮಂಡಲದಲ್ಲಿ ಐದು ಗುಚ್ಛಗಳನ್ನು ಕಂಡದ್ದು ೨೦೨೪ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ೬೦ ಕೋಟಿ ವರ್ಷದ ಕಾಲದ, ಹತ್ತು ಗುಚ್ಛಗಳು ಮಿಣುಕುವ ಮತ್ತೊಂದು ಮಂಡಲದ ವರದಿ ಬಂದಿತು. ಅದಕ್ಕೆ ಮಿಂಚುಹುಳುವಿನ ಹೆಸರನ್ನಿಟ್ಟಿದ್ದಾರೆ. ಇಷ್ಟು ದೂರದ್ದು ಕಂಡದ್ದು ನಡುವಿನ ಭಾರಿ ಮಂಡಲಗಳ ಆಕರ್ಷಣೆಯು ಭೂತಗನ್ನಡಿಯಂತೆ ಬೆಳಕನ್ನು ಬಗ್ಗಿಸಿಕೊಟ್ಟುದರಿಂದ. ನಾವು ಮುದುಕರೆಂದು ಬಲ್ಲವರ ಬಾಲ್ಯದ ಚಿತ್ರ ಅದು.

ಕಳೆದ ತಿಂಗಳು ಆರನೆಯ ಸಂಬಂಧವೊಂದು ಬಂದಿತು. ಹುಡುಗ ಎರಡನೆಯವನು. ಈ ಸಲ ನಾನು ಜಾತಕದ ಮೊದಲ ಸಾಲಿನಲ್ಲಿಯೇ ‘ಜ್ಯೇಷ್ಠಾ ನಕ್ಷತ್ರ, ಮೊದಲನೆಯ ಪಾದ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದೆನು. ತಂಗಿ ನೋಡಿ ಏನೂ ಹೇಳಲಿಲ್ಲ. ಒಳಗೆ ಹೋಗಿ ದೀಪ ಹಚ್ಚಿದಳು. ಹತ್ತು ದಿನದ ಮೇಲೆ ಉತ್ತರ ಬಂದಿತು. ಬರೆದವನು ಹುಡುಗನಲ್ಲ, ತಂದೆಯಲ್ಲ; ಹುಡುಗನ ಅಣ್ಣ. ‘ಅಪಾಯವಿದೆಯೆಂದು ಹೇಳುವುದು ನನಗೇ ಆದುದರಿಂದ ನಾನೇ ಬರೆಯುವುದು ಸರಿಯೆಂದು ತೋರಿತು. ನನಗೆ ಅಭ್ಯಂತರವಿಲ್ಲ. ನಮ್ಮ ತಾಯಿಯವರಿಗೆ ಮಾತ್ರ ಭಯವಿದೆ. ಅವರ ಭಯವನ್ನು ನಾನು ಹಾಸ್ಯಮಾಡಲಾರೆ, ಅದು ನನ್ನ ಮೇಲಣ ಪ್ರೀತಿಯಿಂದ ಬಂದದ್ದು. ಆಷಾಢ ಕಳೆಯುವವರೆಗೆ ಸಮಯ ಕೊಡಬೇಕು’ ಎಂದಿತ್ತು. ಕಾಗದವನ್ನು ಹುಡುಗಿಗೆ ಓದಿ ಹೇಳಿದೆನು. ಅವಳು ಒಂದು ಕ್ಷಣ ಸುಮ್ಮನಿದ್ದು, ‘ಆ ಅಣ್ಣನವರಿಗೆ ದುರ್ಬೀನು ಇದೆಯೇ ಕೇಳಿ, ಮಾವ’ ಎಂದಳು.

ಆಷಾಢವಿನ್ನೂ ಮುಗಿದಿಲ್ಲ. ಮೂರು ವಾರದಿಂದ ಮೋಡ ಕವಿದಿದ್ದು ವೃಶ್ಚಿಕವೇ ಕಾಣುತ್ತಿಲ್ಲ.